‘ನೈ’ ಎಂಬ ಶಬ್ದದ ಪೂರ್ವೋತ್ತರ

ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಬೋಧಿಸುತ್ತಿದ್ದ ಕಾಲದಲ್ಲಿ, ತರಗತಿಗೆ ಬೇಸರ ಬಂದಿತೆಂದು ಕಂಡಾಗ ನಾನು ಹೇಳುತ್ತಿದ್ದ ಮಾತೊಂದುಂಟು. “ಇಂಗ್ಲಿಷಿನವರು ಹತ್ತಿರ ಎಂಬರ್ಥದಲ್ಲಿ ನಿಯರ್ ಎನ್ನುತ್ತಾರೆ, ನಾವು ನೆರೆ ಎನ್ನುತ್ತೇವೆ. ನಮ್ಮ ನೆರೆಯೇ ಅವರ ನಿಯರ್. ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ನೀವೇ ಊಹಿಸಿಕೊಳ್ಳಿರಿ.” ಹುಡುಗರ ಮುಖ ಅರಳುತ್ತಿತ್ತು, ನಾನೂ ಸಂತುಷ್ಟನಾಗಿ ಪಾಠಕ್ಕೆ ಹಿಂದಿರುಗುತ್ತಿದ್ದೆನು. ಹೋದ ಯುಗಾದಿಯ ಮರುದಿನ ಆ ಹುಡುಗರಲ್ಲೊಬ್ಬನು, ಈಗ ತಾನೂ ಉಪಾಧ್ಯಾಯನಾಗಿರುವವನು, ನಮ್ಮ ಮನೆಗೆ ಬಂದಿದ್ದನು. “ಮೇಷ್ಟ್ರೇ, ತಾವು ಹೇಳಿಕೊಟ್ಟುದನ್ನೇ ನಾನೂ ನನ್ನ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು, ‘ನೈ ಎಂಬುದಕ್ಕೂ ಹತ್ತಿರವೆಂದೇ ಅರ್ಥವಲ್ಲವೆ ಸಾರ್? ಅದರಲ್ಲಿ ರಕಾರವೇಕೆ ಇಲ್ಲ?’ ಎಂದು ಕೇಳಿಬಿಟ್ಟಳು. ನನಗೆ ಉತ್ತರ ತೋಚಲಿಲ್ಲ” ಎಂದನು. ನನಗೂ ತೋಚಲಿಲ್ಲ.

ಪ್ರಶ್ನೆಯು ಚಿಕ್ಕದು, ಆದರೆ ನೇರವಾಗಿ ಮರ್ಮಕ್ಕೆ ತಾಗಿದುದು. ನಾಲ್ಕಾರು ತಿಂಗಳು ಕೋಶಗಳನ್ನೂ ಭಾಷಾಚರಿತ್ರೆಯ ಗ್ರಂಥಗಳನ್ನೂ ತಿರುವಿ ನೋಡಿದ ಮೇಲೆ, ನಾನು ಅಷ್ಟು ವರ್ಷ ಹೇಳುತ್ತ ಬಂದುದು ಶುದ್ಧ ತಪ್ಪೆಂದು ಗೊತ್ತಾಯಿತು. ತಪ್ಪು ಆಗಲೇ ಎರಡು ತಲೆಮಾರಿಗೆ ಇಳಿದಿರುವುದರಿಂದ, ಮನೆಯ ಜಗಲಿಯ ಮೇಲೆ ಒಪ್ಪಿಕೊಂಡರೆ ಸಾಲದೆಂದು ಇಲ್ಲಿ ಬರೆಯುತ್ತಿದ್ದೇನೆ. ತಪ್ಪನ್ನು ತಿದ್ದಹೋದಾಗ ದೊರೆತ ಸಂಗತಿಗಳು ಆ ತಪ್ಪಿಗಿಂತ ಸ್ವಾರಸ್ಯವಾಗಿದ್ದುವೆಂಬುದು ಇನ್ನೊಂದು ಕಾರಣ.

‘ನೈ’ ಎಂಬುದು ಈಗಿನ ಇಂಗ್ಲಿಷರ ಆಡುಮಾತಿನಲ್ಲಿ ಅಪರೂಪ. ೧೬೧೧ರಲ್ಲಿ ಜೇಮ್ಸ್ ದೊರೆಯ ಅಪ್ಪಣೆಯಿಂದ ಹೊರಬಂದ ಬೈಬಲ್ಲಿನಲ್ಲಿ ಅದು ಹೇರಳವಾಗಿದೆ, ಹಳೆಯ ಕಾವ್ಯಗಳಲ್ಲಿದೆ, ‘ಹೆಚ್ಚು ಕಡಮೆ’ ಎಂಬರ್ಥದ ‘ವೆಲ್ ನೈ’ ಎಂಬ ನುಡಿಗಟ್ಟಿನಲ್ಲಿ ಇನ್ನೂ ಉಸಿರಾಡುತ್ತಿದೆ. ಬರೆಯುವಾಗ ಎನ್, ಐ, ಜಿ, ಎಚ್ ಎಂದು ನಾಲ್ಕಕ್ಷರ. ನುಡಿಯುವಾಗ ಎರಡೇ ಧ್ವನಿ. ಉಳಿದೆರಡು ಅಕ್ಷರಗಳು ಅಲ್ಲೇಕೆ ಕುಳಿತಿವೆಯೆಂದು ಕೇಳದ ವಿದ್ಯಾರ್ಥಿಯಿಲ್ಲ. ಈ ಕಥೆಯು ಅಲ್ಲಿಂದಲೇ ಆರಂಭವಾಗುತ್ತದೆ.

ಆಲ್ಫ್ರೆಡ್ ದೊರೆಯು ೮೯೯ರಲ್ಲಿ ತೀರಿಕೊಂಡನು. ಅವನ ಕಾಲದ ಇಂಗ್ಲಿಷಿನಲ್ಲಿ ಈ ಶಬ್ದದ ರೂಪವು ‘ನೇಅಹ್’ ಎಂಬುದಾಗಿತ್ತು. ಕೊನೆಯ ಹಕಾರವು ನಮ್ಮ ಹಕಾರದಂತೆ ಮೆತ್ತಗಿನದಲ್ಲ. ಗಂಟಲಿನ ಹತ್ತಿರ ಉಜ್ಜಿಕೊಂಡು ಬರುವ ಉಸಿರು. ಶಾಸ್ತ್ರೋಕ್ತವಾಗಿ ‘ದುಃಖ’ ಎನ್ನುವಾಗ ಖಕಾರದ ಹಿಂದಿನ ವಿಸರ್ಗಕ್ಕೆ ಶಿಕ್ಷಾಕಾರರು ಜಿಹ್ವಾಮೂಲೀಯವೆಂದು ಹೆಸರಿಟ್ಟಿದ್ದಾರಷ್ಟೆ. ಹೆಚ್ಚು ಕಡಮೆ ಅದೇ ಧ್ವನಿ. ನಾರ್ಮನ್ನರು ೧೦೬೬ರಲ್ಲಿ ಇಂಗ್ಲೆಂಡನ್ನು ಗೆದ್ದ ತರುವಾಯ ಅವರ ರೀತಿಯಲ್ಲಿ ಪಳಗಿದ ಲಿಪಿಕಾರರು ಈ ಧ್ವನಿಯನ್ನು ಜಿ, ಎಚ್ ಎಂಬ ಜೋಡಿ ಅಕ್ಷರದಿಂದ ಬರೆಯುವ ಪದ್ಧತಿಯು ಕ್ರಮೇಣ ನೆಲೆಗೊಂಡಿತು. ೧೪೭೬ರಲ್ಲಿ ಕ್ಯಾಕ್ಸ್ಟನ್ ಎಂಬವನು ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಯಂತ್ರವನ್ನು ಸ್ಥಾಪಿಸಿದನು. ಬರವಣಿಗೆಯು ಮೊಳೆಗಳಲ್ಲಿ ಗಟ್ಟಿಯಾಗತೊಡಗಿತು. ಅತ್ತ ದಕ್ಷಿಣ ಇಂಗ್ಲೆಂಡಿನ ಜನರ ನಾಲಗೆಯಿಂದ ಆ ಧ್ವನಿಯು ಮೆಲ್ಲಮೆಲ್ಲನೆ ಜಾರಿಹೋಯಿತು. ಧ್ವನಿ ಹೋದ ಮೇಲೂ ಅಕ್ಷರ ಉಳಿಯಿತು. ಸ್ಕಾಟ್ಲೆಂಡಿನ ಗ್ರಾಮ್ಯದಲ್ಲಿ ರಾತ್ರಿಗೂ ಬೆಳಕಿಗೂ ಇರುವ ಇಂಗ್ಲಿಷ್ ಶಬ್ದಗಳನ್ನು ನುಡಿಯುವಾಗ ಆ ಗಂಟಲಿನ ಉಸಿರು ಈಗಲೂ ಕೇಳಿಬರುತ್ತದೆ.

ಇನ್ನು ಮುಖ್ಯ ವಿಷಯ. ಗುರು, ಗರೀಯಸ್, ಗರಿಷ್ಠ. ಲಘು, ಲಘೀಯಸ್, ಲಘಿಷ್ಠ ಎಂಬ ತಾರತಮ್ಯದ ಮೂರು ಮೆಟ್ಟಿಲುಗಳನ್ನು ಸಂಸ್ಕೃತದ ಮೊದಲ ತರಗತಿಯವರೂ ಬಲ್ಲರು. ಹಳೆಯ ಇಂಗ್ಲಿಷಿನಲ್ಲಿ ‘ನೇಅಹ್’ ಶಬ್ದಕ್ಕೂ ಇಂಥ ಮೂರು ಮೆಟ್ಟಿಲುಗಳಿದ್ದುವು. ಹತ್ತಿರ ಎಂಬುದಕ್ಕೆ ನೇಅಹ್; ಇನ್ನೂ ಹತ್ತಿರ ಎಂಬುದಕ್ಕೆ ನೇಅರ್; ಎಲ್ಲಕ್ಕಿಂತ ಹತ್ತಿರ ಎಂಬುದಕ್ಕೆ ನೇಹ್ಸ್ತ್. ಮೊದಲನೆಯದೇ ಇಂದಿನ ‘ನೈ’, ಎರಡನೆಯದೇ ‘ನಿಯರ್’, ಮೂರನೆಯದೇ ‘ನೆಕ್ಸ್ಟ್’. ಶಾಲೆಯ ಮಕ್ಕಳು ದಿನಕ್ಕೆ ಹತ್ತು ಸಲ ಹೇಳುವ ‘ನೆಕ್ಸ್ಟ್’ ಎಂಬುದು ಒಂದು ಕಾಲದಲ್ಲಿ ‘ಅತ್ಯಂತ ಹತ್ತಿರ’ ಎಂಬರ್ಥದ ತಮ-ರೂಪವಾಗಿತ್ತು. ‘ನಿಯರ್’ ಎಂಬುದು ಸ್ವತಂತ್ರ ಶಬ್ದವೇ ಅಲ್ಲ; ‘ನೈ’ ಎಂಬುದರ ತರ-ರೂಪ. ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿಯೇ ದೊರೆಯಿತು: ರಕಾರವು ಪ್ರಕೃತಿಯಲ್ಲಿಲ್ಲ, ಪ್ರತ್ಯಯದಲ್ಲಿದೆ.

ಒಂದೇ ಹಕಾರವು ಮೂರು ಶಬ್ದಗಳಲ್ಲಿ ಮೂರು ಗತಿಯನ್ನು ಕಂಡಿತು. ‘ನೈ’ಯಲ್ಲಿ ಬರವಣಿಗೆಗೆ ಮಾತ್ರ ಉಳಿಯಿತು. ‘ನಿಯರ್’ನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡು ಬಹು ಹಿಂದೆಯೇ ಲೋಪವಾಯಿತು. ‘ನೆಕ್ಸ್ಟ್’ನಲ್ಲಿ ಸಕಾರದ ಮುಂದೆ ಗಟ್ಟಿಯಾಗಿ ಕಕಾರವಾಯಿತು. ಈ ಕೊನೆಯದನ್ನು ಓದಿದಾಗ ಪಾಠಶಾಲೆಯ ದಿನಗಳು ನೆನಪಿಗೆ ಬಂದುವು. ನೆಕ್ಕುವುದೆಂಬರ್ಥದ ಲಿಹ್ ಧಾತುವಿಗೆ ಭವಿಷ್ಯತ್ತಿನ ‘ಸ್ಯತಿ’ ಹತ್ತಿದಾಗ ‘ಲೇಕ್ಷ್ಯತಿ’ ಎಂದಾಗುತ್ತದೆ. ವಹ್ ಧಾತುವಿಗೆ ‘ವಕ್ಷ್ಯತಿ’. ಹಕಾರವು ಸಕಾರದ ಮುಂದೆ ಕಕಾರವಾಗುವ ಸಂಧಿಯನ್ನು ಬೆತ್ತದ ಭಯದಲ್ಲಿ ಉರುಹೊಡೆದವರು ನಾವು. ಇವೆರಡರ ನಡುವೆ ವಂಶದ ಸಂಬಂಧವನ್ನು ನಾನು ಹೇಳುತ್ತಿಲ್ಲ. ಮನುಷ್ಯನ ಬಾಯಿ ಎಲ್ಲಿಯಾದರೂ ಒಂದೇ ಎಂಬಷ್ಟೇ ನನ್ನ ಅಭಿಪ್ರಾಯ.

ಹಾಗಾದರೆ ತರ-ರೂಪವಾಗಿದ್ದ ‘ನಿಯರ್’ ಬರಿಯ ‘ಹತ್ತಿರ’ ಎಂಬರ್ಥಕ್ಕೆ ಇಳಿದುದು ಹೇಗೆ? ಇದಕ್ಕೆ ಭಾಷೆಯ ಒಳಗಿನ ಕಾರಣ ಮಾತ್ರವಲ್ಲದೆ ದೇಶದ ಚರಿತ್ರೆಯೂ ಕಾರಣ. ಸ್ಕಾಂಡಿನೇವಿಯದ ಸಮುದ್ರದ ಜನರು ೭೯೩ರಲ್ಲಿ ಲಿಂಡಿಸ್ಫಾರ್ನ್ ದ್ವೀಪದ ಮಠವನ್ನು ಸೂರೆಗೊಂಡರು. ೮೬೫ರಲ್ಲಿ ಅವರ ದೊಡ್ಡ ದಂಡೇ ಇಂಗ್ಲೆಂಡಿನಲ್ಲಿಳಿಯಿತು. ೮೭೮ರಲ್ಲಿ ಎಡಿಂಗ್ಟನ್ ಎಂಬಲ್ಲಿ ಆಲ್ಫ್ರೆಡನು ಅವರ ನಾಯಕನಾದ ಗುಥ್ರುಮನನ್ನು ಸೋಲಿಸಿದನಾದರೂ ಅವರನ್ನು ಹೊರಗಟ್ಟಲಾಗಲಿಲ್ಲ. ಮುಂದಿನ ಒಪ್ಪಂದದಲ್ಲಿ ತೇಮ್ಸ್, ಲೀ ಮೊದಲಾದ ನದಿಗಳನ್ನು ಎಲ್ಲೆಯಾಗಿ ಗೊತ್ತುಮಾಡಿದರು. ಎಲ್ಲೆಯಿಂದಾಚೆಗೆ ಉತ್ತರದಲ್ಲಿಯೂ ಪೂರ್ವದಲ್ಲಿಯೂ ಬಂದವರು ನೆಲೆನಿಂತರು. ಕತ್ತಿ ಹಿಡಿದು ಬಂದವರು ನೇಗಿಲು ಹಿಡಿದರು. ಹೆಣ್ಣು ಕೊಟ್ಟು ತಂದರು. ಸಂತೆಯಲ್ಲಿ ಕುರಿ ಕೋಳಿಗೆ ಚೌಕಾಸಿ ಮಾಡಿದರು. ಎರಡು ಭಾಷೆಗಳೂ ಅಕ್ಕತಂಗಿಯರಾದುದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಬಹುಮಟ್ಟಿಗೆ ತಿಳಿಯುತ್ತಿದ್ದಿರಬೇಕು. ವಿಭಕ್ತಿಗಳಲ್ಲಿಯೂ ಪ್ರತ್ಯಯಗಳಲ್ಲಿಯೂ ಮಾತ್ರ ತೊಡಕು. ಬಂದವರ ಭಾಷೆಯಲ್ಲಿ ‘ನೇರ್’ ಎಂಬ ಶಬ್ದವಿತ್ತು. ಅದೂ ಮೂಲತಃ ತರ-ರೂಪವೇ. ಆದರೆ ಅವರು ಅದನ್ನು ಬರಿಯ ‘ಹತ್ತಿರ’ ಎಂಬರ್ಥಕ್ಕೂ ಬಳಸುತ್ತಿದ್ದರು. ಈ ‘ನೇರ್’, ಆ ‘ನೇಅರ್’ ಎರಡೂ ಒಂದರಲ್ಲೊಂದು ಬೆರೆತು, ಕಾಲಕ್ರಮದಲ್ಲಿ ‘ನಿಯರ್’ ಎಂದರೆ ಹತ್ತಿರ ಎಂದಷ್ಟೇ ಆಯಿತು. ಹತ್ತಿರ ಎಂಬ ಮಾತಿನ ಅರ್ಥವನ್ನು ಬದಲಾಯಿಸಿದವರು ಪಕ್ಕದ ಹೊಲದವರೇ.

ತರ-ರೂಪದ ಶಕ್ತಿ ಕುಂದಿದ ಮೇಲೆ ಹೊಸ ತರ-ರೂಪ ಬೇಕಾಯಿತು. ಹದಿನಾರನೆಯ ಶತಮಾನದ ಹೊತ್ತಿಗೆ ‘ನಿಯರರ್’ ಎಂಬುದು ಹುಟ್ಟಿತು; ಅಂದರೆ ಪ್ರತ್ಯಯದ ಮೇಲೊಂದು ಪ್ರತ್ಯಯ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ಎರಡನೆಯ ಅಂಕದಲ್ಲಿ, ತಂದೆಯಾದ ದೊರೆಯ ಕೊಲೆಯ ಸುದ್ದಿ ತಿಳಿದ ಕಿರಿಯ ರಾಜಕುಮಾರನು, ರಕ್ತಸಂಬಂಧ ಹತ್ತಿರವಾದಷ್ಟೂ ರಕ್ತಪಾತದ ಭಯವೂ ಹತ್ತಿರವೆಂಬರ್ಥದ ಮಾತನ್ನಾಡುತ್ತಾನೆ. ಆ ಒಂದೇ ಮಾತಿನಲ್ಲಿ ಹಳೆಯ ತರ-ರೂಪವಾದ ‘ನಿಯರ್’ ಒಮ್ಮೆ, ಹೊಸತಾದ ‘ನಿಯರರ್’ ಒಮ್ಮೆ, ಎರಡೂ ಒಂದೇ ಅರ್ಥದಲ್ಲಿ ಬಂದಿವೆ. ಭಾಷೆಯು ಹೊಸಿಲಿನ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತ ಗಳಿಗೆ ಅದು. ಇಂಗ್ಲಿಷರು ಅಜ್ಞಾನದಿಂದ ಎರಡೆರಡು ಪ್ರತ್ಯಯ ಹಚ್ಚಿದರೆಂದು ನಗುವವರು, ‘ಶ್ರೇಷ್ಠ’ ಎಂಬುದೇ ತಮ-ರೂಪವಾಗಿದ್ದರೂ ‘ಶ್ರೇಷ್ಠತಮ’ ಎಂಬ ಪದವು ಯಜುರ್ವೇದದ ಆರಂಭದಲ್ಲಿಯೇ ಬಂದಿದೆಯೆಂಬುದನ್ನು ನೆನೆದುಕೊಳ್ಳಬೇಕು. ಅಷ್ಟರಲ್ಲಿ ‘ನೆಕ್ಸ್ಟ್’ ಎಂಬುದು ‘ಮುಂದಿನದು’ ಎಂಬರ್ಥದ ಕಡೆಗೆ ಸರಿದುಹೋಗಿತ್ತು. ಮಕ್ಕಳಿಬ್ಬರೂ ಬೇರೆ ಮನೆ ಹೂಡಿದ ಮೇಲೆ ಒಂಟಿಯಾದ ‘ನೈ’ಗೂ ‘ನೈಯರ್, ನೈಯೆಸ್ಟ್’ ಎಂಬ ಹೊಸ ರೂಪಗಳನ್ನು ಕಟ್ಟಿಕೊಟ್ಟರು. ಅವು ಬಹಳ ಬಾಳಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ‘ನಿಯರ್’ನ ರಕಾರವು ಪ್ರತ್ಯಯದ್ದೆಂದಾಯಿತಷ್ಟೆ. ಅದರ ಮೂಲವನ್ನು ಇನ್ನೂ ಹಿಂದಕ್ಕೆ ಹುಡುಕಿದರೆ ಅದು ರಕಾರವೂ ಅಲ್ಲ, ಸಕಾರ! ಜರ್ಮನ್, ಇಂಗ್ಲಿಷ್, ಸ್ಕಾಂಡಿನೇವಿಯದ ಭಾಷೆಗಳು, ಇವೆಲ್ಲವುಗಳ ಮೂಲಭಾಷೆಯಲ್ಲಿ ಕೆಲವು ಸಂದರ್ಭಗಳಲ್ಲಿ ಸಕಾರವು ಮೃದುವಾಗಿ ಜಕಾರದಂತಹ ಧ್ವನಿಯಾಗಿ, ಅನಂತರ ಇಂಗ್ಲಿಷ್ ಮೊದಲಾದುವುಗಳಲ್ಲಿ ರಕಾರವಾಯಿತು. ಈ ನಿಯಮದ ಮೊದಲರ್ಧವನ್ನು ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಎಂಬ ಪಂಡಿತನು ವಿವರಿಸಿದನು. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ‘ಇದ್ದನು’ ಎಂಬುದಕ್ಕೆ ‘ವಾಸ್’ ಎಂದೂ ‘ಇದ್ದರು’ ಎಂಬುದಕ್ಕೆ ‘ವೆರ್’ ಎಂದೂ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಒಂದರಲ್ಲಿ ಸಕಾರ, ಒಂದರಲ್ಲಿ ರಕಾರ, ಧಾತುವು ಒಂದೇ. ಆ ಧಾತುವಾದರೂ ಯಾವುದು? ವಾಸಮಾಡುವುದೆಂಬರ್ಥದ ನಮ್ಮ ‘ವಸ್’ ಧಾತುವಿನ ಒಡಹುಟ್ಟು. ಹಾಗೆಯೇ ‘ನಿಯರ್’ನ ರಕಾರವು ‘ಗರೀಯಸ್, ಲಘೀಯಸ್’ ಎಂಬಲ್ಲಿಯ ಈಯಸುನ್ ಪ್ರತ್ಯಯದ ಕೊನೆಯ ಸಕಾರಕ್ಕೆ ಬಂಧು.

ನಮ್ಮ ‘ನೆರೆ’ಯಲ್ಲಿ ರಕಾರವು ಧಾತುವಿನದೇ. ನೆರೆ ಎಂದರೆ ಕೂಡು, ಒಟ್ಟುಗೂಡು, ಕೂಡಿದ ಜನ ನೆರವಿ, ಜೊತೆಗೆ ಬಂದು ನಿಲ್ಲುವುದು ನೆರವು, ಜೊತೆಯಲ್ಲಿರುವವನು ನೆರೆಯವನು. ರಕಾರವನ್ನು ತೆಗೆದರೆ ಶಬ್ದವೇ ಇಲ್ಲ. (ತುಂಬು, ಪೂರ್ಣವಾಗು ಎಂಬರ್ಥದ ಹಳಗನ್ನಡದ ‘ನೆಱೆ’ ಬೇರೆ, ಅದರಲ್ಲಿ ಶಕಟರೇಫವುಂಟು. ಹೊಸಗನ್ನಡದಲ್ಲಿ ಬರವಣಿಗೆ ಒಂದಾದುದರಿಂದ ಎರಡನ್ನೂ ಕಲಸಿಬಿಡುವ ಪ್ರಮಾದವು ಸುಲಭ.) ಮೇಲಾಗಿ ಕನ್ನಡದಲ್ಲಿ ತಾರತಮ್ಯಕ್ಕೆ ಪ್ರತ್ಯಯವೇ ಇಲ್ಲ, ‘ಅದಕ್ಕಿಂತ ಹತ್ತಿರ’ ಎಂದು ‘ಇಂತ’ದಿಂದ ಕೆಲಸ ಸಾಗಿಸುತ್ತೇವೆ. ಹೀಗಿರುವಾಗ ನಿಯರ್, ನೆರೆ ಎರಡೂ ಒಂದೆನ್ನುವುದು, ರೈಲು ನಿಲ್ದಾಣದಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರನ್ನು ಅಣ್ಣತಮ್ಮಂದಿರೆಂದಂತೆ. ಕನ್ನಡ, ತೆಲುಗು, ತಮಿಳುಗಳು ಸಂಸ್ಕೃತಜನ್ಯವಲ್ಲದ ಒಂದು ಕುಟುಂಬಕ್ಕೆ ಸೇರಿದುವೆಂದು ಎಲ್ಲಿಸನು ೧೮೧೬ರಲ್ಲಿಯೇ ತೋರಿಸಿದ್ದನು. ಕಾಲ್ಡ್‌ವೆಲ್ಲನು ೧೮೫೬ರಲ್ಲಿ ಅದನ್ನು ವಿಸ್ತಾರವಾಗಿ ನಿರೂಪಿಸಿದನು. ಇವೆಲ್ಲ ನನಗೆ ತಿಳಿಯದ ಸಂಗತಿಗಳಾಗಿರಲಿಲ್ಲ. ತಿಳಿದೂ ಎಡವಿದೆನಲ್ಲ ಎಂಬುದೇ ವ್ಯಸನ.

ಎಡವಿದುದಕ್ಕೆ ಕಾರಣವನ್ನು ಹುಡುಕಿಕೊಂಡಾಗ ಅದು ನನ್ನ ವಿದ್ಯಾಭ್ಯಾಸದಲ್ಲಿಯೇ ದೊರೆಯಿತು. ನಿರುಕ್ತವನ್ನು ಓದುವಾಗ ಯಾಸ್ಕಾಚಾರ್ಯರು, ವ್ಯಾಕರಣವು ದಾರಿ ತೋರದ ಕಡೆ ಅರ್ಥವನ್ನೇ ಹಿಡಿದು, ಒಂದಕ್ಷರದ, ಒಂದು ವರ್ಣದ ಸಾಮ್ಯವಿದ್ದರೂ ಸಾಕು, ನಿರ್ವಚನ ಮಾಡಬೇಕೆಂದು ವಿಧಿಸಿರುವುದನ್ನು ಕಲಿತೆವು. ಒಂದೇ ಭಾಷೆಯ, ಅದರಲ್ಲಿಯೂ ವೇದದ ಶಬ್ದಗಳಿಗೆ ಅರ್ಥ ಹೇಳಲು ಹೊರಟವರ ಮಾತು ಅದು. ಕಾವೇರಿಯ ದಡದ ಶಬ್ದಕ್ಕೂ ತೇಮ್ಸ್ ನದಿಯ ದಡದ ಶಬ್ದಕ್ಕೂ ಗಂಟುಹಾಕಲು ಅವರು ಅಪ್ಪಣೆ ಕೊಟ್ಟಿರಲಿಲ್ಲ, ನಾನೇ ತೆಗೆದುಕೊಂಡೆನು. ಕನ್ನಡವು ದೂರದ ದೇಶಕ್ಕೆ ಶಬ್ದದಾನ ಮಾಡಿತೆಂಬ ಹೆಮ್ಮೆಯೂ ಒಳಗೊಳಗೆ ಇತ್ತೆಂಬುದನ್ನು ಮುಚ್ಚಿಡಲಾರೆ.

ಸಂಸ್ಕೃತದಲ್ಲಿಯಾದರೂ ‘ನೈ’ಗೆ ಬಂಧುವುಂಟೆ? ಜರ್ಮನಿನಲ್ಲಿ ‘ನಾಹ್’ ಇದೆ, ಡಚ್ಚಿನಲ್ಲಿ ‘ನಾ’ ಇದೆ, ನಾಲ್ಕನೆಯ ಶತಮಾನದಲ್ಲಿ ಬೈಬಲ್ಲಿನ ಅನುವಾದವನ್ನು ಪಡೆದ ಗಾಥ್ ಜನರ ಭಾಷೆಯಲ್ಲಿ ‘ನೇಹ್ವ್’ ಇದೆ. ಮಂಗಳೂರಿನಲ್ಲಿ ೧೮೯೪ರಲ್ಲಿ ಅಚ್ಚಾದ ಕನ್ನಡ ಕೋಶವನ್ನು ರಚಿಸಿದ ಕಿಟ್ಟೆಲ್ಲರ ದೇಶಭಾಷೆಯಲ್ಲಿ ನಾಹ್, ನೇಹರ್, ನೇಖ್ಸ್ಟ್ ಎಂಬ ಮೂರು ಮೆಟ್ಟಿಲುಗಳೂ ಇಂದಿಗೂ ಚದರದೆ ನಿಂತಿವೆ. ಆದರೆ ಈ ಕುಟುಂಬದ ಹೊರಗೆ ಎಲ್ಲರೂ ಒಪ್ಪುವ ಬಂಧುವು ಸಿಕ್ಕಿಲ್ಲ.

ಇಲ್ಲಿಯೂ ಒಂದು ಮೋಸದ ಗುಂಡಿಯಿದೆ. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪಾಣಿನಿಯು, ‘ಅಂತಿಕ’ ಶಬ್ದಕ್ಕೆ ಈಯಸ್, ಇಷ್ಠ ಪ್ರತ್ಯಯಗಳು ಪರವಾದಾಗ ‘ನೇದ’ ಎಂಬ ಆದೇಶವನ್ನು ವಿಧಿಸುತ್ತಾನೆ: ಅಂತಿಕ, ನೇದೀಯಸ್, ನೇದಿಷ್ಠ. ‘ನೇದಿಷ್ಠ’ವನ್ನೂ ‘ನೆಕ್ಸ್ಟ್’ ಅನ್ನೂ ಪಕ್ಕಪಕ್ಕದಲ್ಲಿಟ್ಟಾಗ, ಈಗಷ್ಟೇ ಬುದ್ಧಿ ಕಲಿತ ನನ್ನ ಮನಸ್ಸು ಮತ್ತೆ ಕುಣಿಯಿತು. ಎರಡೂ ನಕಾರದಿಂದ ಆರಂಭ, ಎರಡೂ ‘ಅತ್ಯಂತ ಹತ್ತಿರ’. ಆದರೆ ನೇದದಲ್ಲಿರುವ ದಕಾರ ಅಲ್ಲಿಲ್ಲ. ಅಲ್ಲಿರುವ ಹಕಾರ ನೇದದಲ್ಲಿಲ್ಲ. ಪ್ರಕೃತಿಗಳು ಬೇರೆ. ವಿಚಿತ್ರವೇನೆಂದರೆ ಪ್ರತ್ಯಯಗಳು ಮಾತ್ರ ನಿಜವಾಗಿಯೂ ಒಂದೇ! ಸಂಸ್ಕೃತದ ಇಷ್ಠ, ಗ್ರೀಕಿನ ಇಸ್ತೊಸ್, ಇಂಗ್ಲಿಷಿನ ಎಸ್ಟ್ ಇವು ಮೂರೂ ಒಂದೇ ಮೂಲದಿಂದ ಇಳಿದುವೆಂಬುದರಲ್ಲಿ ಸಂಶಯವಿಲ್ಲ. ‘ನೆಕ್ಸ್ಟ್’ ಎಂಬ ಶಬ್ದದ ಬಾಲದಲ್ಲಿರುವ ಸಕಾರ ಟಕಾರಗಳು ಗರಿಷ್ಠ, ಕನಿಷ್ಠ, ನೇದಿಷ್ಠಗಳ ಬಾಲವೇ. ಶಬ್ದಕ್ಕೆ ಶಬ್ದವನ್ನು ಹೋಲಿಸಿದರೆ ಸಿಗದ ಸಂಬಂಧವು ವ್ಯಾಕರಣಕ್ಕೆ ವ್ಯಾಕರಣವನ್ನು ಹೋಲಿಸಿದಾಗ ಸಿಗುತ್ತದೆ. ಸರ್ ವಿಲಿಯಂ ಜೋನ್ಸನು ೧೭೮೬ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮುಂದೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಸಂಬಂಧವನ್ನು ಕುರಿತು ಮಾತನಾಡಿದಾಗ ಧಾತುಗಳೊಡನೆ ವ್ಯಾಕರಣದ ರೂಪಗಳನ್ನೂ ಆಧಾರವಾಗಿ ಹಿಡಿದುದು ಇದಕ್ಕೇ.

ಹಾಗಾದರೆ ಪಾಣಿನಿಯ ‘ನೇದ’ಕ್ಕೆ ನೆಂಟರು ಯಾರು? ಪಾರಸಿಕರ ಪ್ರಾಚೀನ ಧರ್ಮಗ್ರಂಥವಾದ ಅವೆಸ್ತದಲ್ಲಿ ಇದಕ್ಕೆ ಸರಿಯಾಗಿ ‘ನಜ್ದಿಶ್ತ’ ಎಂಬ ರೂಪವುಂಟು. ಅದರ ಸಂತತಿಯೇ ಪಾರಸಿಯ ‘ನಜ್ದೀಕ್’. ಬಿಜಾಪುರ, ಕಲಬುರ್ಗಿಗಳ ಕಡೆ ದಖನಿ ಮಾತನಾಡುವ ಮುಸಲ್ಮಾನ ಬಂಧುಗಳ ಮನೆಗಳಲ್ಲಿ ದಿನವೂ ಕೇಳಿಬರುವ ‘ನಜ್ದೀಕ್’ ಎಂಬ ಮಾತು, ಪಾಠಶಾಲೆಯಲ್ಲಿ ನಾವು ಉರುಹೊಡೆದ ‘ನೇದಿಷ್ಠ’ದ ಖಾಸಾ ದಾಯಾದಿ. ನಾನು ಬಂಧುವೆಂದು ಕರೆದವನು ಅಪರಿಚಿತನಾದನು. ಅಪರಿಚಿತನೆಂದುಕೊಂಡವನು ಒಂದೇ ಗೋತ್ರದವನಾಗಿ ಬಂದನು.

‘ನೈ’ಯ ಸಂಸಾರದಲ್ಲಿ ಇನ್ನೊಬ್ಬ ಮುಖ್ಯನಿದ್ದಾನೆ. ನೆರೆಯವನಿಗೆ ಇಂಗ್ಲಿಷಿನಲ್ಲಿ ‘ನೇಬರ್’ ಎನ್ನುತ್ತಾರೆ. ಹಳೆಯ ರೂಪ ‘ನೇಅಹ್‌ಗೆಬೂರ್’: ನೇಅಹ್ ಎಂದರೆ ಹತ್ತಿರ, ಗೆಬೂರ್ ಎಂದರೆ ವಾಸಿಸುವವನು, ಒಕ್ಕಲಿಗ. ಜರ್ಮನಿನ ‘ನಾಖ್ಬಾರ್’ ಎಂಬುದೂ ಇದೇ ಕಟ್ಟಡ. ‘ಬೂರ್’ ಎಂದರೆ ಮನೆ, ಬಿಡಾರ. ಲತಾಗೃಹವೆಂಬರ್ಥದಲ್ಲಿ ಇಂಗ್ಲಿಷ್ ಕವಿಗಳು ಬಳಸುವ ‘ಬವರ್’ ಇದೇ. ಇದರ ಧಾತುವು ನಮ್ಮ ‘ಭೂ’. ಭವತಿ ಎಂಬುದು ಯಾವ ಧಾತುವಿನದೋ, ಭವನವೆಂಬುದು ಯಾವ ಧಾತುವಿನದೋ, ಅದರದೇ ಶಾಖೆ. ಇರುವುದೇ ವಾಸಿಸುವುದು, ವಾಸಿಸುವ ಎಡೆಯೇ ಮನೆ ಎಂದು ಎರಡು ಕಡೆಯೂ ಅರ್ಥವು ಬೆಳೆದಿದೆ. ಮೇಲೆ ಹೇಳಿದ ಸ್ಕಾಂಡಿನೇವಿಯದವರು ನೆಲೆನಿಂತ ಊರುಗಳ ಹೆಸರಿನ ಕೊನೆಯಲ್ಲಿ ಬರುವ ‘ಬಿ’ (ಡರ್ಬಿ, ವ್ಹಿಟ್ಬಿ) ಎಂಬುದೂ ಇದೇ ಧಾತುವಿನಿಂದ ಹುಟ್ಟಿ ಊರೆಂಬರ್ಥವನ್ನು ಕೊಡುತ್ತದೆ. ಅವರಿಂದ ಬಂದ ‘ಹಸ್ಬೆಂಡ್’ ಎಂಬ ಶಬ್ದವೂ ಹಾಗೆಯೇ: ‘ಹೂಸ್’ ಎಂಬ ಮನೆಯಲ್ಲಿ ‘ಬೋಂದಿ’, ಎಂದರೆ ನೆಲಸಿರುವವನು, ಅಕ್ಷರಶಃ ಗೃಹಸ್ಥ. ಒಕ್ಕಲಿಗನೆಂಬ ಮರ್ಯಾದೆಯ ಅರ್ಥದ ಇದೇ ಶಬ್ದವು ಡಚ್ಚರ ಬಾಯಿಂದ ತಿರುಗಿ ಇಂಗ್ಲಿಷಿಗೆ ಬಂದಾಗ ‘ಬೂರ್’ ಎಂದರೆ ಒರಟ, ಗಮಾರ ಎಂದಾಯಿತು. ಪೇಟೆಯವರು ಎಲ್ಲ ದೇಶದಲ್ಲಿಯೂ ಒಂದೇ. ನಮ್ಮ ಆಲಂಕಾರಿಕರು ‘ಗ್ರಾಮ್ಯ’ವನ್ನು ಕಾವ್ಯದೋಷಗಳ ಪಟ್ಟಿಗೆ ಸೇರಿಸಲಿಲ್ಲವೆ?

ಕ್ರೈಸ್ತರ ಧರ್ಮಗ್ರಂಥದಲ್ಲಿ, ಇತರರನ್ನು ನಿನ್ನಂತೆಯೇ ಪ್ರೀತಿಸೆಂಬ ಆಜ್ಞೆಯಿದೆಯಷ್ಟೆ. ಅಲ್ಲಿಯ ‘ಇತರ’ನಿಗೆ ಯಾವ ಶಬ್ದವನ್ನಿಡಬೇಕೆಂಬುದು ಪ್ರತಿಯೊಂದು ಭಾಷೆಯ ಅನುವಾದಕರಿಗೂ ಒದಗಿದ ಸಮಸ್ಯೆ. ಗ್ರೀಕಿನಲ್ಲಿ ‘ಹತ್ತಿರದವನು’ ಎಂದಿದೆ. ಲ್ಯಾಟಿನ್ನಿನಲ್ಲಿ ‘ಪ್ರಾಕ್ಸಿಮುಸ್’ ಎಂದರು. ಅದು ತಮ-ರೂಪ, ‘ಅತ್ಯಂತ ಹತ್ತಿರದವನು’. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷ್ ಸುವಾರ್ತೆಗಳಲ್ಲಿ ಅದನ್ನೇ ಅನುಸರಿಸಿ ‘ನೇಹ್ಸ್ತ’ ಎಂದಿಟ್ಟರು. ೧೫೨೨ರ ಲೂಥರನ ಜರ್ಮನ್ ಅನುವಾದದಲ್ಲಿಯೂ ಇದರ ಒಡಹುಟ್ಟಾದ ತಮ-ರೂಪವೇ ಇದೆ. ಆದರೆ ಇಂಗ್ಲಿಷಿನಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಯ ವಿಕ್ಲಿಫನ ಬೈಬಲ್ಲಿನ ಹೊತ್ತಿಗೆ ಆ ಸ್ಥಾನಕ್ಕೆ ‘ನೇಬರ್’ ಬಂದು ಕುಳಿತನು. ೧೬೧೧ರಲ್ಲಿಯೂ ಅವನೇ ಉಳಿದನು. ಕನ್ನಡ ಬೈಬಲ್ಲಿನಲ್ಲಿ ‘ನೆರೆಯವನು’.

ವ್ಯತ್ಯಾಸವು ಸಣ್ಣದಲ್ಲ. ‘ಅತ್ಯಂತ ಹತ್ತಿರದವನು’ ಎಂದಾಗ ಯಾರಿಂದ ಯಾರಿಗೆ ಹತ್ತಿರ, ಯಾವ ಅಳತೆಯಲ್ಲಿ ಹತ್ತಿರ ಎಂಬ ಪ್ರಶ್ನೆಯು ತೆರೆದೇ ಇರುತ್ತದೆ. ರಕ್ತದಿಂದಲೂ ಆಗಬಹುದು, ಸ್ನೇಹದಿಂದಲೂ ಆಗಬಹುದು. ‘ನೇಬರ್’ ಎಂದೊಡನೆ ಮನೆ, ಗೋಡೆ, ಬೇಲಿ ಬಂದುವು. ಲೂಕನ ಸುವಾರ್ತೆಯಲ್ಲಿ ಒಬ್ಬ ಧರ್ಮಶಾಸ್ತ್ರಜ್ಞನು ಯೇಸುವನ್ನು ಈ ಪ್ರಶ್ನೆಯನ್ನೇ ಕೇಳುತ್ತಾನೆ: ಹಾಗೆ ಹತ್ತಿರದವನೆನಿಸಿಕೊಳ್ಳುವವನು ಯಾರು? ಉತ್ತರವಾಗಿ ಬರುವ ಕಥೆಯಲ್ಲಿ ಜೆರೂಸಲೇಮಿನಿಂದ ಜೆರಿಕೋವಿಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಬಿದ್ದಿದ್ದವನನ್ನು ಸ್ವಜನರಾದ ಪುರೋಹಿತನೂ ಲೇವಿಯನೂ ಕಂಡೂ ದಾಟಿಹೋಗುತ್ತಾರೆ. ಯೆಹೂದ್ಯರು ಹೊಕ್ಕುಬಳಕೆಯಿಟ್ಟುಕೊಳ್ಳದ ಸಮಾರ್ಯದವನೊಬ್ಬನು ಅವನನ್ನು ಎತ್ತಿಕೊಂಡು ಹೋಗಿ ಉಪಚರಿಸುತ್ತಾನೆ. ಆ ಸಮಾರ್ಯದವನ ಮನೆ ಪಕ್ಕದ ಮನೆಯಲ್ಲ. ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಈ ಕಥೆಯನ್ನು ಓದುವವನು ‘ನೇಬರ್’ ಅಥವಾ ‘ನೆರೆಯವನು’ ಎಂಬ ಶಬ್ದದ ಅರ್ಥವನ್ನು ಹಿಗ್ಗಿಸಿಕೊಳ್ಳಬೇಕಾಗುತ್ತದೆ. ‘ನೆರೆ’ಯಲ್ಲಿ ಕೂಡುವಿಕೆಯ ಅರ್ಥವೇ ಮೂಲದ್ದಾದುದರಿಂದ ಕನ್ನಡದ ಓದುಗನಿಗೆ ಹಿಗ್ಗಿಸುವ ಶ್ರಮವು ತುಸು ಕಡಮೆಯೆಂದು ನನಗೆ ತೋರುತ್ತದೆ, ಇದೂ ಹಳೆಯ ಹೆಮ್ಮೆಯ ಶೇಷವೋ ಏನೋ ತಿಳಿಯದು.

ಹತ್ತಿರವೆಂಬ ಭಾವವನ್ನು ಜನರು ಯಾವ ಯಾವುದರಿಂದ ಕಟ್ಟಿಕೊಂಡಿದ್ದಾರೆಂಬುದನ್ನು ನೋಡಿದರೆ ವಿನೋದವಾಗುತ್ತದೆ. ನಮ್ಮ ‘ಹತ್ತಿರ’ದಲ್ಲಿರುವುದು ಅಂಟಿಕೊಳ್ಳುವುದೆಂಬರ್ಥದ ‘ಹತ್ತು’. ‘ಸಮೀಪ’ದಲ್ಲಿ ಅಡಗಿರುವುದು ನೀರು, ದ್ವೀಪ, ಅಂತರೀಪಗಳಲ್ಲಿರುವಂತೆ ಅಪ್ ಶಬ್ದವೇ ಅಲ್ಲಿ ಈಕಾರವನ್ನು ಪಡೆದಿದೆಯೆಂದು ವೈಯಾಕರಣರು ವಿಧಿಸುತ್ತಾರೆ. ‘ಬಳಿ’ ಎಂಬುದರಲ್ಲಿ ದಾರಿಯ ಅರ್ಥವುಂಟು. ಅದರಿಂದ ‘ಬಳಿಕ’ ಹುಟ್ಟಿತು. ಪಕ್ಕದಲ್ಲಿ ನಡೆಯುವವನು ಒಂದು ಹೆಜ್ಜೆ ಹಿಂದುಳಿದರೆ ಅನಂತರದವನಾಗುತ್ತಾನೆ. ಜರ್ಮನಿನಲ್ಲಿಯೂ ಹೀಗೆಯೇ ಆಗಿದೆ: ಹತ್ತಿರವೆಂಬ ‘ನಾಹ್’ ಶಬ್ದದ ಮನೆಯಲ್ಲಿಯೇ ‘ಅನಂತರ’ವೆಂಬ ‘ನಾಖ್’ ಹುಟ್ಟಿದೆ. ಇಂಗ್ಲಿಷಿನ ‘ನೆಕ್ಸ್ಟ್’ ಹತ್ತಿರದಿಂದ ಮುಂದಿನದಕ್ಕೆ ಸರಿದುದೂ ಇದೇ ಹಾದಿ. ‘ನಿಯರ್’ಗೆ ಇನ್ನೂ ಕೆಲವು ಉಪಾರ್ಥಗಳು ಬಂದುವು. ಕುದುರೆಯನ್ನು ಎಡಗಡೆಯಿಂದ ಹತ್ತುವ ರೂಢಿಯಿಂದ ಎಡಮಗ್ಗುಲು ‘ನಿಯರ್’ ಮಗ್ಗುಲಾಯಿತು. ಕೈಬಿಗಿಯಿರುವ ಜಿಪುಣನಿಗೂ ‘ನಿಯರ್’ ಎಂದರು. ಅವನ ಹಣ ಅವನಿಗೆ ಅಷ್ಟು ಹತ್ತಿರ!

ಆ ಶಿಷ್ಯನಿಗೆ ಇದನ್ನೆಲ್ಲ ಬರೆದು ಕಳುಹಿಸಿದೆನು. ತರಗತಿಯಲ್ಲಿ ಆ ಹುಡುಗಿಯ ಎದುರಿಗೆ ಓದಿ ಹೇಳಬೇಕೆಂದೂ, ತಪ್ಪು ಅವನದಲ್ಲ, ಅವನ ಮೇಷ್ಟರದೆಂದು ಸೇರಿಸಬೇಕೆಂದೂ ತಿಳಿಸಿದ್ದೆನು. ಹದಿನೈದು ದಿನದ ಮೇಲೆ ಉತ್ತರ ಬಂದಿತು. ಹಾಗೆಯೇ ಓದಿ ಹೇಳಿದನಂತೆ. ಆ ಹುಡುಗಿ ಎಲ್ಲವನ್ನೂ ಕೇಳಿ, “ಹೈ ಎಂಬುದರಲ್ಲಿಯೂ ಜಿ, ಎಚ್ ಇದೆಯಲ್ಲ ಸಾರ್, ಅದಕ್ಕೂ ಹೆಕ್ಸ್ಟ್ ಎಂಬ ರೂಪವಿತ್ತೆ?” ಎಂದಳಂತೆ. ಇತ್ತು. ಎತ್ತರವೆಂಬರ್ಥದ ಆ ಶಬ್ದಕ್ಕೆ ನಡುಗಾಲದ ಇಂಗ್ಲಿಷಿನಲ್ಲಿ ‘ಹೆಕ್ಸ್ಟ್’ ಎಂಬ ತಮ-ರೂಪವೇ ಬಳಕೆಯಲ್ಲಿತ್ತು, ಆಮೇಲೆ ಅಳಿದುಹೋಯಿತು. ಈ ಉತ್ತರವನ್ನು ನಿನ್ನೆಯ ಟಪ್ಪಾಲಿನಲ್ಲಿ ಹಾಕಿದ್ದೇನೆ.